ಬೀಗ ಹಾಕಿದ ಟ್ಯಾಂಕಿನಲ್ಲಿ ಮಾಯವಾದ ಮೀನುಗಳು

1998ರ ಮಾತು. ಆಗ ನಾನು ಪೀಣ್ಯದ ಪಕ್ಕದ ರಾಜಗೋಪಾಲನಗರದಲ್ಲಿ ಒಂದು ಶೀಟಿನ ಷೆಡ್ ಬಾಡಿಗೆಗೆ ಹಿಡಿದು ಅಕ್ವೇರಿಯಂ ಕಟ್ಟಿಕೊಡುವ ಉದ್ಯೋಗ ಮಾಡುತ್ತಿದ್ದೆ. ಎಡಕ್ಕೆ ಲೇತ್ ಷಾಪು, ಬಲಕ್ಕೆ ಪೌಡರ್ ಕೋಟಿಂಗ್ ಘಟಕ, ನಡುವೆ ನಾನು ಮತ್ತು ನನ್ನ ಮೀನುಗಳು. ಓದಿದ್ದು ಕರಾವಳಿಯ ಕಾಲೇಜೊಂದರಲ್ಲಿ, ಮೀನುಗಾರಿಕಾ ವಿಜ್ಞಾನ. ನಮ್ಮದು ದಾವಣಗೆರೆ ಕಡೆಯ ಶೈವ ಮನೆತನ. ಅಡುಗೆಮನೆಯಲ್ಲಿ ಮೊಟ್ಟೆಯ ಹೆಸರನ್ನೂ ಎತ್ತುವವರಲ್ಲ. ಮೆಡಿಕಲ್ ಸೀಟು ಸಿಗಲಿಲ್ಲವೆಂದು ಸೇರಿದ ಕೋರ್ಸು ಅದು. ಸೇರಿದ ಮೇಲೆ ಮನಸ್ಸು ಅಲ್ಲೇ ನಿಂತುಬಿಟ್ಟಿತು. ನೆಂಟರು ಬೆನ್ನ ಹಿಂದೆ ನನ್ನನ್ನು ಮೀನಿನ ಡಾಕ್ಟ್ರು ಎನ್ನುತ್ತಿದ್ದರು. ಕೆಲವರು ಎದುರಿಗೇ ಅನ್ನುತ್ತಿದ್ದರು.

ಅಪ್ಪ ನಿವೃತ್ತ ಹೆಡ್‌ಮಾಸ್ಟರು. ರಾಜಾಜಿನಗರದ ಎರಡು ಕೋಣೆಯ ಫ್ಲ್ಯಾಟಿನಲ್ಲಿ ನಾವಿಬ್ಬರೇ. ಅಮ್ಮ ತೀರಿಕೊಂಡು ಕೆಲವು ವರ್ಷಗಳಾಗಿದ್ದವು. ನನ್ನ ಕೆಲಸದ ಬಗ್ಗೆ ಅಪ್ಪ ಒಂದು ದಿನವೂ ಕೆಟ್ಟ ಮಾತಾಡಿದವರಲ್ಲ, ಒಳ್ಳೆಯ ಮಾತನ್ನೂ ಆಡಿದವರಲ್ಲ. ಸಂಜೆ ಮನೆಗೆ ಬಂದರೆ ಮೊದಲು ಸ್ನಾನ, ಆಮೇಲೆ ಅಡುಗೆಮನೆ. ಅದು ಹೇಳದೆಯೇ ಇದ್ದ ನಿಯಮ. ಮೀನಿಗೆ ಹಾಕುವ ಸೀಗಡಿಯನ್ನು ಮನೆಯ ಫ್ರಿಡ್ಜಿನಲ್ಲಿಡುವ ಮಾತೇ ಇರಲಿಲ್ಲ, ಅದಕ್ಕೆ ಷೆಡ್ಡಿನಲ್ಲೇ ಒಂದು ಹಳೆಯ ಫ್ರಿಡ್ಜು ಇಟ್ಟುಕೊಂಡಿದ್ದೆ.

ಆ ವರ್ಷ ವೈಟ್‌ಫೀಲ್ಡಿನ ಒಂದು ಸಾಫ್ಟ್‌ವೇರ್ ಕಂಪನಿಯ ರಿಸೆಪ್ಷನ್ನಿನಲ್ಲಿ ಉಪ್ಪುನೀರಿನ ಅಕ್ವೇರಿಯಂ ಕೂರಿಸುವ ಕೆಲಸ ನನಗೆ ಸಿಕ್ಕಿತು. ಅಲ್ಲಿಯವರೆಗೆ ನಾನು ಮಾಡಿದ್ದು ಡೆಂಟಿಸ್ಟುಗಳ ವೇಟಿಂಗ್ ರೂಮಿಗೆ, ದರ್ಶಿನಿಗಳ ಗಲ್ಲಾಪೆಟ್ಟಿಗೆಯ ಪಕ್ಕಕ್ಕೆ ಗೋಲ್ಡ್‌ಫಿಶ್ ತೊಟ್ಟಿ. ಇದು ಆರು ಅಡಿ ಉದ್ದದ ಗಾಜಿನೊಳಗೆ ಒಂದು ತುಂಡು ಹವಳದ ದಿಬ್ಬವನ್ನೇ ಬದುಕಿಸುವ ಕೆಲಸ. ಅಪ್ಪನಿಗೂ ಈ ಕೆಲಸ ಹಿಡಿಸಿತು, ಬೇರೆ ಕಾರಣಕ್ಕೆ. ಯಾರಾದರೂ ಕೇಳಿದರೆ, 'ನಮ್ಮ ಮಹೇಶ ವೈಟ್‌ಫೀಲ್ಡ್ ಕಂಪನ್ಯಾಗೆ ಇದಾನೆ' ಎನ್ನಲು ಶುರುಮಾಡಿದರು. ಸುಳ್ಳೇನಲ್ಲ. ವಾರಕ್ಕೆ ಮೂರು ದಿನ ನಾನು ಆ ಕಂಪನಿಯಲ್ಲೇ ಇರುತ್ತಿದ್ದೆ, ಮೊಣಕೈವರೆಗೆ ನೀರಿನಲ್ಲಿ.

ಉಪ್ಪುನೀರಿನ ಟ್ಯಾಂಕ್ ಎಂದರೆ ಬರೀ ಉಪ್ಪು ಕಲಸಿದ ನೀರಲ್ಲ. ನೀರಿನ ಉಪ್ಪಿನಂಶವನ್ನು ಹೈಡ್ರೋಮೀಟರ್ ಎಂಬ ತೇಲುವ ಗಾಜಿನ ಕೊಳವೆಯಿಂದ ಅಳೆಯುತ್ತಿರಬೇಕು. ಕೊಳೆಯನ್ನು ನೊರೆ ಮಾಡಿ ಹೊರಗೆ ಹಾಕುವ ಸ್ಕಿಮ್ಮರ್ ಹಗಲೂ ರಾತ್ರಿ ಓಡುತ್ತಿರಬೇಕು. ಎಲ್ಲಕ್ಕಿಂತ ಮುಖ್ಯವಾದದ್ದು ಲೈವ್ ರಾಕ್, ಅಂದರೆ ಸಮುದ್ರದ ಸಣ್ಣ ಜೀವಿಗಳು ಅಂಟಿಕೊಂಡಿರುವ ಹವಳದ ಕಲ್ಲು. ನೀರನ್ನು ಶುದ್ಧವಾಗಿಡುವ ಬ್ಯಾಕ್ಟೀರಿಯಾ ಬದುಕುವುದು ಅದರ ತೂತುಗಳಲ್ಲಿ. ಮದ್ರಾಸಿನ ಒಬ್ಬ ವ್ಯಾಪಾರಿಯ ಮೂಲಕ ನಾನು ರಾಮೇಶ್ವರದ ಕಡೆಯ ಕಲ್ಲು ಮತ್ತು ಒಂದು ಚೀಲ ಹವಳದ ಮರಳು ತರಿಸಿದೆ. ಈಗಿನಷ್ಟು ಬಿಗಿ ಆಗ ಇರಲಿಲ್ಲ. ಸಮುದ್ರದ ಮನೆ ಒಡೆದು ಗಾಜಿನ ಪೆಟ್ಟಿಗೆಗೆ ತುಂಬುತ್ತಿದ್ದೇವೆಂಬ ಯೋಚನೆಯೂ ನಮಗ್ಯಾರಿಗೂ ಇರಲಿಲ್ಲ. ಈಗ ನೆನೆದರೆ ಮುಖ ತಗ್ಗಿಸುವಂತಾಗುತ್ತದೆ.

ಟ್ಯಾಂಕು ಚೆಂದ ಬಂತು. ಕಿತ್ತಳೆ ಬಣ್ಣದ ಕ್ಲೌನ್ ಮೀನುಗಳು, ನೀಲಿ ಡ್ಯಾಮ್ಸೆಲ್‌ಗಳು, ನಡುವೆ ಹೂವಿನಂತೆ ಅರಳಿ ಕೈಬೀಸುವ ಅನಿಮೋನಿ ಎಂಬ ಕಡಲಜೀವಿ. ವಿದೇಶದ ಅತಿಥಿಗಳು ಅದರ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುತ್ತಿದ್ದರಂತೆ. ನನಗೆ ಕೆಲಸ ಕೊಟ್ಟ ಅಡ್ಮಿನ್ ಮ್ಯಾನೇಜರ್ ಶ್ರೀಧರ್ ಬಹಳ ಶಿಸ್ತಿನ ಮನುಷ್ಯ. 'ನೀವು ಆರ್ಟಿಸ್ಟ್ ಕಣ್ರೀ ಮಹೇಶ್' ಎಂದು ಬೆನ್ನು ತಟ್ಟಿದ್ದರು.

ಎರಡನೇ ತಿಂಗಳಲ್ಲಿ ಮೀನು ಕಡಿಮೆಯಾಗತೊಡಗಿದವು. ಇವತ್ತು ಒಂದು, ಮೂರು ನಾಲ್ಕು ದಿನ ಬಿಟ್ಟು ಇನ್ನೊಂದು. ಮೀನು ಸಾಯುವುದು ನಮ್ಮ ಕಸುಬಿನಲ್ಲಿ ಹೊಸದಲ್ಲ. ಆದರೆ ಸತ್ತರೆ ಹೆಣ ಇರಬೇಕು. ಹಾರಿ ಹೊರಗೆ ಬಿದ್ದರೆ ನೆಲದ ಮೇಲಿರಬೇಕು. ಇಲ್ಲಿ ಎರಡೂ ಇಲ್ಲ. ಕಲ್ಲಿನ ಸಂದುಗಳಲ್ಲಿ ಏಡಿ ಅಡಗಿದೆಯೇನೋ ಎಂದು ಬೋನಿಟ್ಟೆ, ಏನೂ ಬೀಳಲಿಲ್ಲ. ಯಾರೋ ಬಿಸ್ಕತ್ತು ಹಾಕಲು ಮುಚ್ಚಳ ತೆಗೆಯುತ್ತಾರೇನೋ ಎಂದುಕೊಂಡು, ಮುಚ್ಚಳಕ್ಕೆ ಬೀಗ ಹಾಕಿಸಿ ಎಂದು ಶ್ರೀಧರ್‌ಗೆ ನಾನೇ ಹೇಳಿದೆ. ಬೀಗವೂ ಬಂತು. ಒಂದೇ ಕೀ, ಅದು ನನ್ನ ಹತ್ತಿರ.

ಬೀಗ ಹಾಕಿದ ಮೇಲೂ ಮೀನು ಹೋಗುತ್ತಲೇ ಇದ್ದವು. ನಾನು ಕೇಳಿ ತರಿಸಿಕೊಂಡ ಬೀಗ ನನ್ನ ಕುತ್ತಿಗೆಗೇ ಬಂತು.

ಶ್ರೀಧರ್ ನನ್ನನ್ನು ಕ್ಯಾಬಿನ್ನಿಗೆ ಕರೆದರು. ಬಾಗಿಲು ಹಾಕಿಸಿ, ನೀರು ಕುಡಿಯಿರಿ ಎಂದರು. ಅಷ್ಟು ಮರ್ಯಾದೆಯಿಂದ ಶುರುವಾದರೆ ಮುಂದೆ ಬರುವುದು ಒಳ್ಳೆಯದಲ್ಲ ಎಂದು ನನಗೆ ಗೊತ್ತಾಯಿತು.

"ನಾನು ನಿಮ್ಮನ್ನ ಏನೂ ಅಂತಾ ಇಲ್ಲ ಮಹೇಶ್. ಬಟ್ ನನ್ ಪ್ಲೇಸ್‌ನಲ್ಲಿ ನಿಂತು ನೋಡಿ. ಕೀ ನಿಮ್ಮತ್ರ ಇದೆ. ಈ ಮೀನಿಗೆ ಹೊರಗಡೆ ಡಿಮ್ಯಾಂಡ್ ಇದೆ. ನಿಮಗೆ ಬೇರೆ ಕ್ಲೈಂಟ್ಸೂ ಇದಾರೆ."

"ಸಾರ್, ನಾನು ಕದ್ದಿದೀನಿ ಅಂತೀರಾ?"

"ಆ ವರ್ಡು ನಾನು ಯೂಸ್ ಮಾಡಿಲ್ಲ."

ಮರುದಿನದಿಂದ ಗೇಟಿನಲ್ಲಿ ನನ್ನ ತಪಾಸಣೆ ಶುರುವಾಯಿತು. ಕೊರಳಿಗೆ ಕಂಪನಿಯ ಕಾರ್ಡು ನೇತುಹಾಕಿಕೊಂಡವರಿಗೆ ಅದು ಇಲ್ಲ, ಕಾಂಟ್ರ್ಯಾಕ್ಟ್ ಜನಕ್ಕೆ ಮಾತ್ರ. ಹೊರಗಿನ ಚರಂಡಿಗೆ ಚೆಲ್ಲಲು ನಾನು ಒಯ್ಯುವ ಬಕೆಟ್ಟಿನ ಕೊಳೆ ನೀರನ್ನು ಗಾರ್ಡು ಇನ್ನೊಂದು ಬಕೆಟ್ಟಿಗೆ ಜರಡಿ ಹಿಡಿದು ಸುರಿಯಬೇಕು, ಮೀನು ಇದೆಯೋ ಎಂದು ನೋಡಬೇಕು. ಗಾರ್ಡಿನ ಹೆಸರು ಮುನಿಯಪ್ಪ. ವೈಟ್‌ಫೀಲ್ಡಿನವನೇ. ಕಂಪನಿಯ ಪಾರ್ಕಿಂಗ್ ಇರುವ ಜಾಗದಲ್ಲಿ ಹಿಂದೆ ಅವನ ಅಣ್ಣತಮ್ಮಂದಿರ ರಾಗಿ ಹೊಲವಿತ್ತಂತೆ. ಸುರಿಯುವಾಗ ಅವನು ನನ್ನ ಮುಖ ನೋಡುತ್ತಿರಲಿಲ್ಲ, ಜರಡಿಯನ್ನೇ ನೋಡುತ್ತಿದ್ದ. ಊಟ ಮುಗಿಸಿ ವಾಪಸ್ ಬರುವ ಹುಡುಗ ಹುಡುಗಿಯರು ಸುತ್ತಿಕೊಂಡು ಹೋಗುತ್ತಿದ್ದರು. ಒಬ್ಬಳು ಮೂಗು ಮುಚ್ಚಿಕೊಂಡಳು. ವಾಸನೆಗೇ ಇರಬೇಕು, ಆದರೆ ನನಗೆ ಹಾಗೆ ಅನ್ನಿಸಲಿಲ್ಲ.

ತಪ್ಪು ಮಾಡಿಲ್ಲವೆಂದರೆ ಯಾಕೆ ನಾಚಿಕೆ ಎಂದು ಕೇಳುವವರಿದ್ದಾರೆ. ಅವರನ್ನು ಯಾರೂ ಗೇಟಿನಲ್ಲಿ ನಿಲ್ಲಿಸಿಲ್ಲ. ನನ್ನದೇ ಬಕೆಟ್ಟಿನಲ್ಲಿ ಎಲ್ಲಿ ಒಂದು ಮೀನು ಸಿಕ್ಕಿಬಿಡುತ್ತದೋ ಎಂದು ನನಗೇ ಭಯವಾಗುತ್ತಿತ್ತು. ಕೈ ಎಲ್ಲಿಡಬೇಕೆಂದು ತಿಳಿಯದೆ ಜೇಬಿನಲ್ಲಿಟ್ಟುಕೊಳ್ಳುತ್ತಿದ್ದೆ. ಜೇಬಿನಲ್ಲಿ ಕೈ ಇಟ್ಟುಕೊಂಡವನು ಇನ್ನಷ್ಟು ಕಳ್ಳನಂತೆ ಕಾಣುತ್ತಾನೆಂದು ಆಮೇಲೆ ಹೊಳೆಯುತ್ತಿತ್ತು.

ಇದೇ ಹೊತ್ತಿನಲ್ಲಿ ನನಗೊಂದು ಸಂಬಂಧ ಬಂದಿತ್ತು. ಹುಡುಗಿ ಹರಿಹರದ ಕಡೆಯವಳು, ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದಳು. ಫೋಟೋದಲ್ಲಿ ನಗದೆ ಕೂತಿದ್ದಳು, ಅದೇ ನನಗೆ ಇಷ್ಟವಾಗಿತ್ತು. ಅವಳ ಸೋದರಮಾವ ಪರಮೇಶ್ವರಪ್ಪನವರು ಒಂದು ಭಾನುವಾರ ನಮ್ಮ ಮನೆಗೆ ಬಂದು ಚಹಾ ಕುಡಿದು ಹೋದರು. ಅಪ್ಪ ಅವರಿಗೂ ವೈಟ್‌ಫೀಲ್ಡ್ ಕಂಪನಿ ಎಂದೇ ಹೇಳಿದರು. ನಾನು ಅವರ ಮುಂದೆ ಚಹಾದ ತಟ್ಟೆ ಹಿಡಿದೆ.

ನಮ್ಮ ಕಡೆ ಒಂದು ರೂಢಿಯಿದೆ. ಹುಡುಗನ ಮನೆಯಲ್ಲಿ ಕೇಳಿದ್ದನ್ನು ನಂಬಿ ಯಾರೂ ಹುಡುಗಿ ಕೊಡುವುದಿಲ್ಲ. ಅವನ ಆಫೀಸಿನ ಹತ್ತಿರ ಹೋಗಿ, ಬೀಡಾ ಅಂಗಡಿಯವನನ್ನೋ ವಾಚ್‌ಮನ್ನನ್ನೋ ಮೆಲ್ಲಗೆ ಮಾತಿಗೆಳೆದು, ಹುಡುಗ ಹ್ಯಾಗೆ ಎಂದು ವಿಚಾರಿಸುತ್ತಾರೆ. ಕುಡಿಯುತ್ತಾನೋ, ಸಾಲಗಾರನೋ ಎಂಬುದೆಲ್ಲ ಗೇಟಿನಲ್ಲಿರುವವರಿಗೇ ಚೆನ್ನಾಗಿ ಗೊತ್ತಿರುತ್ತದೆ ಎಂಬ ನಂಬಿಕೆ. ಪರಮೇಶ್ವರಪ್ಪನವರು ನೇರವಾಗಿ ಮುನಿಯಪ್ಪನ ಹತ್ತಿರವೇ ಬಂದರು. ಬಂದದ್ದು ಮಧ್ಯಾಹ್ನ, ನನ್ನ ಬಕೆಟ್ಟು ಜರಡಿಯಲ್ಲಿ ಸೋರುತ್ತಿದ್ದ ಹೊತ್ತಿಗೆ ಸರಿಯಾಗಿ. ಪ್ಯಾಂಟು ಮಡಿಚಿ, ಕಾಲಿಗೆ ಹವಾಯಿ ಚಪ್ಪಲಿ ಹಾಕಿಕೊಂಡು ನಿಂತಿದ್ದ ನನ್ನನ್ನು ಅವರು ನೋಡಿದರು. ನಾನೂ ಅವರನ್ನು ನೋಡಿದೆ. ಇಬ್ಬರೂ ನೋಡಿಲ್ಲದವರಂತೆ ಮುಖ ತಿರುಗಿಸಿದೆವು. ಬಕೆಟ್ಟು ಸ್ಕೂಟರಿಗೆ ಕಟ್ಟಿಕೊಂಡು ಹೊರಟವನು ಕನ್ನಡಿಯಲ್ಲಿ ನೋಡಿದರೆ, ಅವರು ಮುನಿಯಪ್ಪನ ಹೆಗಲ ಮೇಲೆ ಕೈಯಿಟ್ಟು ಏನೋ ಕೇಳುತ್ತಿದ್ದರು.

ಮುಂದಿನ ಸಲ ಹೋದಾಗ ಮುನಿಯಪ್ಪನನ್ನು ಕೇಳಿದೆ.

"ನಿಮ್ಮ ಬಗ್ಗೆನೇ ಕೇಳಿದ್ರು ಸಾ. ನಾ ಇದ್ದದ್ದ ಇದ್ದಂಗೆ ಏಳ್ದೆ. ಮೀನು ಕಮ್ಮಿ ಆಯ್ತಾ ಅವೆ, ಅದ್ಕೆ ಚೆಕ್ ಮಾಡ್ತೀವಿ ಅಂದೆ. ಕದ್ದವ್ರೆ ಅಂತ ನಾ ಅನ್ನಲಿಲ್ಲ."

"ಇನ್ನೇನಂದೆ?"

"ಇಂಗೆಲ್ಲಾ ಆಯ್ತದೆ, ಮನ್ಸ ಒಳ್ಳೇವ್ನೇ ಅಂದೆ. ಅವ್ರು ಅಷ್ಟೊತ್ತಿಗೆ ಆಟೋ ಅತ್ಬಿಟ್ಟಿದ್ರು."

ಅವನ ಮೇಲೆ ಸಿಟ್ಟು ಬಂತು. ಅವನು ಹೇಳಿದ್ದರಲ್ಲಿ ಒಂದೂ ಸುಳ್ಳಿರಲಿಲ್ಲ, ಆದ್ದರಿಂದ ಸಿಟ್ಟನ್ನು ಇಡಲು ಜಾಗವಿರಲಿಲ್ಲ. ಅಪ್ಪನಿಗೆ ಹೇಳುವುದನ್ನು ಮುಂದಕ್ಕೆ ಹಾಕಿದೆ. ಮೀನು ಎಲ್ಲಿ ಹೋಗುತ್ತಿದೆ ಎಂದು ಕಂಡುಹಿಡಿಯದೆ ನಾನು ಯಾರಿಗೆ ಏನು ಹೇಳಿದರೂ ಅದು ಕಳ್ಳನ ಸಬೂಬಿನಂತೆಯೇ ಕೇಳಿಸುತ್ತಿತ್ತು.

ಆ ವಾರ ಮರಳು ಶುದ್ಧ ಮಾಡುವಾಗ ಕೊಳೆ ಎಳೆಯುವ ಸೈಫನ್ ಪೈಪಿನಲ್ಲಿ ಒಂದು ಉಂಡೆ ಬಂತು. ಅಂಗೈ ಮೇಲೆ ಬಿಡಿಸಿ ನೋಡಿದೆ. ಮೀನಿನ ಹುರುಪೆ, ಮುಳ್ಳು, ಒಂದು ಪುಟ್ಟ ದವಡೆ. ಯಾವುದೋ ಪ್ರಾಣಿ ಮೀನನ್ನು ಇಡಿಯಾಗಿ ನುಂಗಿ, ಕರಗದ್ದನ್ನು ಕಕ್ಕಿತ್ತು. ಓಡಿಹೋಗಿ ಶ್ರೀಧರ್‌ಗೆ ತೋರಿಸಿದೆ. ಅವರು ಟಿಶ್ಯೂ ಕಾಗದದ ಮೇಲೆ ಅದನ್ನು ಇರಿಸಿಕೊಂಡು ಪೆನ್ನಿನ ತುದಿಯಿಂದ ತಿರುಗಿಸಿ ನೋಡಿದರು.

"ಇದನ್ನ ನೀವೇ ತಂದು ಹಾಕಿರಬಹುದಲ್ಲಾ," ಎಂದರು.

ಉಂಡೆಯನ್ನು ವಾಪಸ್ ತಂದು, ಲೆನ್ಸು ಹಿಡಿದು ಇನ್ನೊಮ್ಮೆ ನೋಡಿದೆ. ಹುರುಪೆಗಳ ನಡುವೆ ಒಂದು ಸೂಜಿ. ಮೀನಿನ ಮುಳ್ಳಲ್ಲ. ಗಾಜಿನಂತೆ ಪಾರದರ್ಶಕ, ಒಳಗೆ ಟೊಳ್ಳು, ತುದಿಯಲ್ಲಿ ಗಾಳದ ಕೊಕ್ಕೆಯಂಥ ಮುಳ್ಳು. ಮೂರನೇ ವರ್ಷದ ಪ್ರಾಕ್ಟಿಕಲ್ ಕ್ಲಾಸಿನಲ್ಲಿ ಇದರ ಚಿತ್ರ ಬರೆದು ಹೆಸರು ಗುರುತಿಸಿದ್ದೆ. ಅಲ್ಲೇ ಮೆಟ್ಟಿಲ ಮೇಲೆ ಕೂತು ನನ್ನ ಅಂಗೈಗಳನ್ನು ತಿರುಗಿಸಿ ನೋಡಿಕೊಂಡೆ.

ಅದು ಕೋನ್ ಸ್ನೇಲ್ ಎಂಬ ಸಮುದ್ರದ ಬಸವನಹುಳುವಿನ ಹಲ್ಲು. ಹವಳದ ದಿಬ್ಬಗಳಲ್ಲಿ ವಾಸ. ಹಗಲು ಮರಳಿನಲ್ಲಿ ಹೂತುಕೊಂಡು ಮಲಗಿರುತ್ತದೆ, ಕತ್ತಲಾದ ಮೇಲೆ ಬೇಟೆ. ಇವುಗಳಲ್ಲಿ ನೂರಾರು ಬಗೆ. ಹೆಚ್ಚಿನವು ಹುಳು ತಿನ್ನುತ್ತವೆ, ಕೆಲವು ಬೇರೆ ಶಂಖದ ಹುಳುಗಳನ್ನು, ಕೆಲವು ಮೀನನ್ನು. ತೆವಳುವ ಪ್ರಾಣಿ ಈಜುವ ಮೀನನ್ನು ಹಿಡಿಯುವುದು ವಿಷದ ಬಲದಿಂದ. ಟೊಳ್ಳು ಹಲ್ಲನ್ನು ಈಟಿಯಂತೆ ಚುಚ್ಚಿದರೆ ಮೀನು ಅಲ್ಲೇ ಸೆಟೆದುಕೊಳ್ಳುತ್ತದೆ. ಮೀನು ತಿನ್ನುವ ಜಾತಿಗಳಲ್ಲಿ ಒಂದೆರಡು ಮನುಷ್ಯನನ್ನೂ ಕೊಲ್ಲಬಲ್ಲವು. ಆ ವಿಷಕ್ಕೆ ಮದ್ದಿಲ್ಲ. ಉಸಿರು ನಿಂತರೆ ಯಂತ್ರದಿಂದ ಉಸಿರು ಕೊಡುತ್ತಾ, ವಿಷ ಇಳಿಯುವವರೆಗೆ ಕಾಯಬೇಕು ಅಷ್ಟೆ. ಆ ಮರಳಿನಲ್ಲಿ ಎರಡು ತಿಂಗಳಿಗೂ ಮೀರಿ ನಾನು ಬರಿಗೈ ಆಡಿಸುತ್ತಿದ್ದೆ.

ಅದು ಬಂದದ್ದು ನಾನು ತರಿಸಿದ ಕಲ್ಲು ಮರಳಿನ ಜೊತೆಯಲ್ಲೇ. ಜೀವಂತ ಚಿಪ್ಪಿನ ಮೇಲೆ ಕಂದು ಸಿಪ್ಪೆಯಂಥ ಪೊರೆ ಇರುತ್ತದೆ, ಪಾಚಿಯೂ ಹಿಡಿದರೆ ಕಲ್ಲಿನ ಚೂರಿನಂತೆಯೇ ಕಾಣುತ್ತದೆ. ಹೊಸ ಕಲ್ಲನ್ನು ಕೆಲವು ವಾರ ಬೇರೆ ತೊಟ್ಟಿಯಲ್ಲಿಟ್ಟು ನೋಡಬೇಕೆಂಬ ಪಾಠ ನನಗೂ ಆಗಿತ್ತು. ಟ್ಯಾಂಕಿನ ಉದ್ಘಾಟನೆಗೆ ಅವಸರವಿತ್ತು, ಇಟ್ಟಿರಲಿಲ್ಲ. ಕಳ್ಳನಲ್ಲ ಎಂದು ಸಾಬೀತು ಮಾಡಹೊರಟವನು ದಡ್ಡನೆಂದು ಸಾಬೀತು ಮಾಡಬೇಕಾಗಿತ್ತು. ಆಗಲಿ, ಅದಾದರೂ ಆಗಲಿ ಎಂದುಕೊಂಡೆ.

ರಾತ್ರಿ ಟ್ಯಾಂಕಿನ ಮುಂದೆ ಕೂರಲು ಅನುಮತಿ ಕೇಳಿದೆ. ಶ್ರೀಧರ್ ಆಗದೆಂದು ತಲೆಯಾಡಿಸಿದರು. "ಸಾರಿ ಮಹೇಶ್. ಈ ಸಿಚುಯೇಷನ್‌ನಲ್ಲಿ ನಿಮ್ಮನ್ನ ರಾತ್ರಿ ಒಳಗೆ ಬಿಡೋಕಾಗಲ್ಲ."

"ಹಾಗಾದ್ರೆ ಹಗಲೇ ರಾತ್ರಿ ಮಾಡ್ತೀನಿ. ಆದ್ರೆ ನೀವೂ ಕೂತು ನೋಡ್ಬೇಕು."

ಒಳಗಿರುವುದು ಏನೆಂದು ಹೇಳಲಿಲ್ಲ, ಹೇಳಿದ್ದರೆ ಅದನ್ನೂ ಸಬೂಬೆನ್ನುತ್ತಿದ್ದರು. ಶುಕ್ರವಾರ ಊಟದ ನಂತರ ಟ್ಯಾಂಕಿನ ದೀಪ ಆರಿಸಿದೆ. ಸುತ್ತ ಮುಚ್ಚಲು ಕಪ್ಪು ಬಟ್ಟೆ ತಂದಿದ್ದೆ, ಸಾಲಲಿಲ್ಲ. ಮುನಿಯಪ್ಪ ತನ್ನ ಕರಿ ಕಂಬಳಿಯನ್ನು ತಂದು ಉಳಿದ ಕಡೆ ಹೊದಿಸಿದ. ಮೀನು ತುಂಬಿ ತಂದಿದ್ದ ಪ್ಲಾಸ್ಟಿಕ್ ಕವರಿನ ನೀರನ್ನು ಒಂದಿಷ್ಟು ಒಳಗೆ ಸುರಿದೆ. ಆ ವಾಸನೆಗೆ ಬಸವನಹುಳು ಏಳುತ್ತದೆ. ಬೆಳಕಿಗೆ ಅದು ಬೆದರದಿರಲೆಂದು ಟಾರ್ಚಿನ ಗಾಜಿಗೆ ಕೆಂಪು ಬಣ್ಣದ ಕಾಗದ ಕಟ್ಟಿ, ನಾನು ಮತ್ತು ಶ್ರೀಧರ್ ಕಂಬಳಿಯೊಳಗೆ ತಲೆ ತೂರಿಸಿ ಕೂತೆವು. ಹೊರಗೆ ರಿಸೆಪ್ಷನ್ನಿನಲ್ಲಿ ಫೋನು ಹೊಡೆದುಕೊಳ್ಳುತ್ತಿತ್ತು. ಕಂಬಳಿಯಲ್ಲಿ ಬೀಡಿ ವಾಸನೆ. ಶ್ರೀಧರ್ ಎರಡು ಸಲ ಗಡಿಯಾರ ನೋಡಿಕೊಂಡರು, ಮೂರನೇ ಸಲ ನಿಟ್ಟುಸಿರು ಬಿಟ್ಟರು. ಇವತ್ತೂ ಏನೂ ಕಾಣಿಸದಿದ್ದರೆ ಈ ಮನುಷ್ಯನ ಮುಂದೆ ಮತ್ತೆ ಹೇಗೆ ನಿಲ್ಲಲಿ ಎಂದುಕೊಳ್ಳುತ್ತಾ ಟಾರ್ಚನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಾಯಿಸಿದೆ.

ನಾವು ಕೂತು ಸುಮಾರು ಒಂದು ಗಂಟೆಯಾಗಿರಬೇಕು. ಅನಿಮೋನಿಯ ಪಕ್ಕದ ಮರಳಿನಿಂದ ಒಂದು ಬಿಳಿ ಕೊಳವೆ ಮೇಲೆದ್ದು ಆಚೀಚೆ ಮೂಸಿತು. ಅದರ ಹಿಂದೆ ಮರಳು ಉಬ್ಬಿತು. ಹೆಬ್ಬೆರಳಿಗಿಂತ ಸ್ವಲ್ಪ ಉದ್ದದ ಚಿಪ್ಪು ಹೊರಗೆ ಬಂದು, ಕಲ್ಲಿನ ಗೂಡಿನಲ್ಲಿ ಮಲಗಿದ್ದ ಡ್ಯಾಮ್ಸೆಲ್ ಕಡೆಗೆ ತೆವಳಿತು. ಹತ್ತಿರ ಬಂದಾಗ ಅದರ ಬಾಯಿ ಅಗಲವಾಯಿತು, ಚೀಲದ ಬಾಯಿ ಬಿಚ್ಚಿದಂತೆ. ಮೀನು ಓಡಲಿಲ್ಲ. ಬಾಲದವರೆಗೂ ಚೀಲದೊಳಗೆ ಹೋಗಿ, ಒಮ್ಮೆ ಅದುರಿ, ನಿಂತುಹೋಯಿತು.

ಶ್ರೀಧರ್ ಕಂಬಳಿ ಸರಿಸಿ ಎದ್ದರು. ಬೆಳಕಿಗೆ ಚಿಪ್ಪಿನ ಮೇಲಿನ ಬಲೆಯಂಥ ಚಿತ್ತಾರ ಅಲ್ಲಲ್ಲಿ ಕಾಣುತ್ತಿತ್ತು. "ಎಷ್ಟು ಚೆನ್ನಾಗಿದೆ ಕಣ್ರೀ ಇದು," ಎನ್ನುತ್ತಾ ಅಂಗಿಯ ತೋಳು ಮೇಲಕ್ಕೆಳೆದು, ತೆರೆದಿದ್ದ ಮುಚ್ಚಳದೊಳಗೆ ಕೈ ಇಳಿಸಿದರು.

ಮಾತಾಡಲು ಪುರಸೊತ್ತಿರಲಿಲ್ಲ. ಅವರ ಮಣಿಕಟ್ಟು ಹಿಡಿದು ಜೋರಾಗಿ ಹಿಂದಕ್ಕೆಳೆದೆ. ವಾಚು ಗಾಜಿಗೆ ತಾಗಿತು, ಅವರು ಸೋಫಾದ ಮೇಲೆ ಬಿದ್ದರು. ರಿಸೆಪ್ಷನ್ನಿನಲ್ಲಿದ್ದವರೆಲ್ಲ ಎದ್ದು ನಿಂತರು. ಮುನಿಯಪ್ಪ ನನ್ನನ್ನು ಹಿಡಿಯಲು ಒಂದು ಹೆಜ್ಜೆ ಮುಂದೆ ಬಂದ. ಅವನ ಮುಖ ನೋಡಿದೆ. ಕೊನೆಗೂ ಇವನು ಕೈಮಾಡಿದ ಎಂದು ಅದರಲ್ಲಿ ಬರೆದಿತ್ತು.

ಆ ಚಿಪ್ಪು ಏನು, ಅದರ ವಿಷ ಏನು ಎಂದು ಎಲ್ಲರಿಗೂ ಕೇಳುವಂತೆ ಹೇಳಿದೆ. ಶ್ರೀಧರ್ ಒದ್ದೆ ಕೈಯನ್ನು ಕರ್ಚೀಫಿನಲ್ಲಿ ಬಹಳ ಹೊತ್ತು ಒರೆಸಿಕೊಂಡರು. ಆಮೇಲೆ, "ಸೋ, ಅದು ನಿಮ್ಮ ಕಲ್ಲಲ್ಲೇ ಬಂದಿದ್ದು," ಎಂದರು.

"ಹೌದು ಸಾರ್, ನನ್ನದೇ ಅಜಾಗರೂಕತೆ."

"ಸರಿ. ಪ್ರಾಬ್ಲಂ ಸಾಲ್ವ್ಡ್. ಮಂಡೇ ಹೊಸ ಮೀನು ತಂದು ಬಿಡಿ." ಅಷ್ಟೇ. ಬೇರೆ ಯಾವ ಮಾತನ್ನೂ ಅವರು ಆಡಲಿಲ್ಲ. ಆಡಬೇಕೆಂದು ಅವರಿಗೆ ತೋಚಲಿಲ್ಲವೋ, ತೋಚಿಯೂ ನಾಚಿಕೆಯಾಯಿತೋ, ನನಗೆ ಗೊತ್ತಿಲ್ಲ.

ಉದ್ದನೆಯ ಇಕ್ಕಳದಿಂದ ಅದನ್ನು ಎತ್ತಿ, ಮುಚ್ಚಳವಿದ್ದ ಡಬ್ಬಿಗೆ ಹಾಕಿದೆ. ನಾನು ಓದಿದ ಕಾಲೇಜಿಗೆ ಕಳಿಸುವುದೆಂದು ಯೋಚನೆ. ಗೇಟಿನಲ್ಲಿ ಮುನಿಯಪ್ಪ ತಡೆದ. "ಸಾ, ಡಬ್ಬಿ ತೋರ್ಸಿ. ಆರ್ಡ್ರು ಇನ್ನೂ ತೆಗ್ದಿಲ್ಲ." ತೋರಿಸಿದೆ. ಬಗ್ಗಿ ನೋಡಿ, "ಈ ಹುಳಾನಾ ಅಷ್ಟ್ ಮೀನು ತಿಂದಿದ್ದು?" ಎಂದ. ಆ ಆರ್ಡರು ನಾನು ಅಲ್ಲಿ ಕೆಲಸ ಮಾಡಿದಷ್ಟು ಕಾಲವೂ ಹಾಗೇ ಇತ್ತು.

ಅಷ್ಟಾದರೂ ಮನೆಗೆ ಹೋಗುವಾಗ ನನಗೆ ಖುಷಿಯಾಗಿತ್ತು. ಸ್ನಾನ ಕೂಡ ಮಾಡದೆ ಅಪ್ಪನ ಎದುರು ಕೂತು ಮೊದಲಿನಿಂದ ಕೊನೆಯವರೆಗೆ ಹೇಳಿದೆ. ಕಂಬಳಿಯ ವಿಷಯ ಹೇಳುವಾಗ ನಕ್ಕೆ. ಅಪ್ಪ ವಿಭೂತಿ ಗಟ್ಟಿಯನ್ನು ಕೈಯಲ್ಲಿ ಹಿಡಿದುಕೊಂಡೇ ಪೂರ್ತಿ ಕೇಳಿದರು.

"ಪರಮೇಶ್ವರಪ್ಪ ಮೊನ್ನೆ ಫೋನ್ ಮಾಡಿದ್ರು," ಎಂದರು ಆಮೇಲೆ. "ಬ್ಯಾರೆ ಕಡೆ ಮಾತಾಗೇತಂತೆ. ಯಾಕಂತ ಅವ್ರು ಹೇಳ್ಲಿಲ್ಲ, ನಾನು ಕೇಳ್ಲಿಲ್ಲ. ವಾಚ್‌ಮನ್ ಅಂದದ್ದು ಮಾತ್ರ ಹೇಳಿದ್ರು."

"ಈಗ ಗೊತ್ತಾಯ್ತಲ್ಲಪ್ಪಾ, ಏನಾಗಿತ್ತು ಅಂತ. ಫೋನ್ ಮಾಡಿ ಹೇಳೋಣ."

ಅಪ್ಪ ಎದ್ದು ಹೋಗಿ ಬಾಗಿಲು ಹಾಕಿಕೊಂಡು ಬಂದರು. ಮನೆಯಲ್ಲಿ ಇದ್ದದ್ದು ನಾವಿಬ್ಬರೇ. ದನಿ ತಗ್ಗಿಸಿ ಕೇಳಿದರು.

"ಹುಳದ್ದೆಲ್ಲಾ ಸರಿನಪ್ಪಾ. ನನ್ ಮುಂದೆ ಹೇಳು, ನಾನು ಯಾರ ಮುಂದೂ ಅನ್ನಂಗಿಲ್ಲ. ಒಂದಾದ್ರೂ ಮೀನು ನೀನು ತಗಂಡಿದ್ಯಾ?"

"ಇಲ್ಲಪ್ಪಾ," ಎಂದೆ. ಅಷ್ಟು ವಾರ ಅದೇ ಸತ್ಯವನ್ನು ಹೇಳಿ ಹೇಳಿ ನನ್ನ ದನಿಗೆ ಸುಳ್ಳುಗಾರನ ದನಿಯೇ ಬಂದುಬಿಟ್ಟಿತ್ತು. ಅದು ನನಗೇ ಕೇಳಿಸಿತು. ಅಪ್ಪನಿಗೂ ಕೇಳಿಸಿರಬೇಕು. "ಆತು, ಕೈಕಾಲು ತೊಳ್ಕೊಂಡು ಬಾ, ಉಣ್ಣಾಣ," ಎಂದರು. ಆ ಪ್ರಶ್ನೆಯನ್ನು ಅವರು ಮತ್ತೆಂದೂ ಎತ್ತಲಿಲ್ಲ. ನಾನು ಕೊಟ್ಟ ಉತ್ತರವನ್ನು ನಂಬಿದರೋ ಇಲ್ಲವೋ ಎಂಬುದನ್ನು ಹೇಳದೆಯೇ ತೀರಿಕೊಂಡರು.

ಸಮುದ್ರದಿಂದ ಬಂದ ಏನನ್ನೇ ಆಗಲಿ ಬೇರೆ ತೊಟ್ಟಿಯಲ್ಲಿಟ್ಟು ಕಾಯದೆ ಬಳಸಬಾರದು ಎಂಬುದು ಈ ಪ್ರಕರಣ ಕಲಿಸಿದ ಕಸುಬಿನ ಪಾಠ, ಅದನ್ನು ಮತ್ತೆ ಮರೆತಿಲ್ಲ. ಇನ್ನೊಂದನ್ನು ಕಲಿಯಲು ಹೆಚ್ಚು ಕಾಲ ಹಿಡಿಯಿತು. ಮುಂದೆ ನನ್ನ ಕೈಕೆಳಗೂ ಹತ್ತಾರು ಜನ ಕೆಲಸಕ್ಕೆ ಬಂದರು, ನನ್ನ ಅಂಗಡಿಯಲ್ಲೂ ಸಾಮಾನು ಕಾಣೆಯಾದವು. ನೀನು ತಗೊಂಡೆಯಾ ಎಂದು ಯಾರನ್ನೂ ಕೇಳಲಿಲ್ಲ. ಕೇಳಿ ನಷ್ಟವನ್ನು ತುಂಬಿಕೊಳ್ಳಬಹುದಿತ್ತೇನೋ. ಆದರೆ ಇಲ್ಲ ಎಂದು ಅವರು ಹೇಳುವಾಗ ಆ ದನಿಯನ್ನು ನಾನು ಕೇಳಲಾರೆ.